ಸ್ಪೆಕ್ಟ್ರಮ್ ಪ್ಲಸ್‌ಗೆ ಹೊಸ ಮೆಂಬ್ರೇನ್: ಬಾಣದ ಕೀಗಳು ಸರಿಹೋದವಾ?

ಸರಿಹೋದವು. ಎಂಬತ್ತರ ದಶಕದ ಮನೆ ಕಂಪ್ಯೂಟರ್ ಸ್ಪೆಕ್ಟ್ರಮ್ ಪ್ಲಸ್ ಇಟ್ಟುಕೊಂಡವರು ಹೊಸ ಮೆಂಬ್ರೇನನ್ನು (ಕೀಗಳ ಕೆಳಗಿದ್ದು, ಒತ್ತಿದಾಗ ಸಂಪರ್ಕ ಕೊಡುವ ತೆಳು ಪ್ಲಾಸ್ಟಿಕ್ ಪದರಗಳು) ಧೈರ್ಯವಾಗಿ ತರಿಸಿಕೊಳ್ಳಿ.

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯಲ್ಲಿರುವುದು ಡೆಸಿಬೆಲ್ಸ್‌ನವರು ಭಾರತದಲ್ಲಿ ಮಾರುತ್ತಿದ್ದ ಡಿಬಿ ಸ್ಪೆಕ್ಟ್ರಮ್ ಪ್ಲಸ್. ಸೋದರಮಾವ ಕೊಟ್ಟಿದ್ದು. ಬಲ ಬಾಣ ಒತ್ತಿದರೆ ಕರ್ಸರ್ ಸರಿಯುತ್ತಿರಲಿಲ್ಲ, ಪರದೆ ಮೇಲೆ 8 ಮೂಡುತ್ತಿತ್ತು. ಡಿಲೀಟ್ ಒತ್ತಿದರೆ 0. ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಚಿಪ್ ಹೋಗಿದೆ, ಬಿಟ್ಟುಬಿಡಿ ಅಂದರು. ನಾನು ಒಪ್ಪಲಿಲ್ಲ. ಕ್ಯಾಪ್ಸ್ ಶಿಫ್ಟ್ ಹಿಡಿದು 8 ಒತ್ತಿದರೆ ಕರ್ಸರ್ ಬಲಕ್ಕೆ ಹೋಗುತ್ತಿತ್ತಲ್ಲ! ಚಿಪ್ ಹೋಗಿದ್ದರೆ ಅದು ಹೇಗೆ ಸಾಧ್ಯ?

1982ರ ಮೊದಲ ಸ್ಪೆಕ್ಟ್ರಮ್‌ನಲ್ಲಿ ಇದ್ದದ್ದೇ 40 ಕೀ. ಬಾಣ ಬೇಕೆಂದರೆ ಕ್ಯಾಪ್ಸ್ ಶಿಫ್ಟ್ ಜೊತೆ 5, 6, 7 ಅಥವಾ 8 ಒತ್ತಬೇಕು. 1984ರ ಪ್ಲಸ್‌ಗೆ ಬಾಣದ ಕೀಗಳು ಬಂದವು, ಆದರೆ ಒಳಗೆ ಕೀಗಳನ್ನು ಜೋಡಿಸುವ ತಂತಿಜಾಲ ಬದಲಾಗಲಿಲ್ಲ. ಐದೈದು ಕೀಗಳ ಅದೇ 8 ಸಾಲು. ಬಾಣ ಒತ್ತಿದಾಗ ಮೆಂಬ್ರೇನಿನ ಪದರಗಳೇ ಶಿಫ್ಟ್ ಮತ್ತು ಅಂಕಿ ಎರಡನ್ನೂ ಒಟ್ಟಿಗೆ ಮುಟ್ಟಿಸುತ್ತವೆ. ಶಿಫ್ಟಿನ ಪದರ ಸೋತರೆ ಯಂತ್ರಕ್ಕೆ ಬರೀ ಅಂಕಿ ಕಾಣುತ್ತದೆ. ಎಷ್ಟು ಚೆಂದದ ಉಪಾಯ, ಅಲ್ವಾ? ಒಂದೇ ಒಂದು ಹೊಸ ಚಿಪ್ ಇಲ್ಲದೆ ಹೊಸ ಕೀಗಳು ಬಂದವು.

ಹಣ ಹಾಕುವ ಮೊದಲು ನೀವೇ ಪರೀಕ್ಷೆ ಮಾಡಬಹುದು. ಯಂತ್ರದಲ್ಲೇ ಇರುವ ಬೇಸಿಕ್ ಭಾಷೆಯಲ್ಲಿ ಪೋರ್ಟ್ (ಕೀಗಳ ಒಂದು ಸಾಲಿನ ಸ್ಥಿತಿ ಓದುವ ವಿಳಾಸ) 65278 ಮತ್ತು 61438ನ್ನು ಸತತವಾಗಿ ಓದಿ ಪ್ರಿಂಟ್ ಮಾಡುವ ಒಂದು ಸಾಲಿನ ಪ್ರೋಗ್ರಾಮ್ ಸಾಕು; ಮೊದಲನೆಯದು ಕ್ಯಾಪ್ಸ್ ಶಿಫ್ಟ್ ಇರುವ ಸಾಲು, ಎರಡನೆಯದು 8 ಇರುವ ಸಾಲು. ಏನೂ ಒತ್ತದಿದ್ದಾಗ ನನ್ನದರಲ್ಲಿ ಎರಡೂ 191. ಬಲ ಬಾಣಕ್ಕೆ ಎರಡನೆಯದು 187ಕ್ಕೆ ಇಳಿಯಿತು. ಮೊದಲನೆಯದು 190 ಆಗಬೇಕಿತ್ತು, 191ರಲ್ಲೇ ಕೂತಿತ್ತು. ಓದಿದ ಸಂಖ್ಯೆಯಲ್ಲಿ ಒತ್ತಿದ ಕೀಯ ಬಿಟ್ (1 ಅಥವಾ 0 ಆಗಿರುವ ಅಂಕೆ) ಸೊನ್ನೆಯಾಗುತ್ತದೆ, ಅದಕ್ಕೇ ಸಂಖ್ಯೆ ಇಳಿಯುವುದು.

ಹೊಸ ಮೆಂಬ್ರೇನ್ ಹಾಕಿದ ಮೇಲೆ ಎರಡೂ ಇಳಿದವು. ಬಾಣ, ಡಿಲೀಟ್, ಬ್ರೇಕ್ ಎಲ್ಲ ಮೊದಲ ಒತ್ತಿಗೇ ಕೆಲಸ ಮಾಡುತ್ತಿವೆ. ಪದರಗಳು ನೀಟಾಗಿ ಕೂತಿವೆ. ಬೇಜಾರಿನ ಸಂಗತಿ ಒಂದೇ, ಜೊತೆಗೆ ಸೂಚನೆಯ ಚೀಟಿ ಇರಲಿಲ್ಲ. ಬೋರ್ಡಿಗೆ ಸೇರುವ ತೆಳು ಪಟ್ಟಿಗಳನ್ನು ಓರೆಯಾಗಿ ತಳ್ಳಿದರೆ ಮಡಚಿಕೊಳ್ಳುತ್ತವೆ, ಜಾಸ್ತಿ ಬಲ ಬೇಡ. ಸ್ಕ್ರೂ ಬಿಗಿಯುವ ಮುಂಚೆ ನಾಲ್ಕೂ ಬಾಣ ಒತ್ತಿ ನೋಡಿ.