ಐದು ಗುಂಟೆ ತೋಟಕ್ಕೆ ಮುಂಗಡ ಕೊಡುವ ಮುನ್ನ ದಯವಿಟ್ಟು ಓದಿ

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಐದು ಗುಂಟೆ ಜಮೀನಿಗೆಂದು ನಾನು ಹದಿನಾಲ್ಕು ಲಕ್ಷ ರೂಪಾಯಿ ಕೊಟ್ಟು ಎರಡು ವರ್ಷವಾಯಿತು. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಮಿನಲ್ಲಿ ನನ್ನ ಹೆಸರಿದೆ. ಆದರೆ ನನ್ನ ಐದು ಗುಂಟೆ ಎಲ್ಲಿದೆ ಎಂಬುದು ಯಾವ ದಾಖಲೆಯಲ್ಲೂ ಇಲ್ಲ. ನಾನೊಬ್ಬನೇ ಸಿಕ್ಕಿಬಿದ್ದಿದ್ದರೆ ಸುಮ್ಮನಿರುತ್ತಿದ್ದೆನೇನೋ. ನನ್ನ ಮಾತು ನಂಬಿ ನನ್ನ ಭಾವಮೈದುನನೂ ಪಕ್ಕದ ತುಂಡಿಗೆ ಹಣ ಕಟ್ಟಿದ್ದಾನೆ, ಅವನ ಮುಂದೆ ತಲೆಯೆತ್ತಲು ನನ್ನಿಂದ ಆಗುತ್ತಿಲ್ಲ.

ಮಾರಿದವರ ಮಾತಿನಲ್ಲಿ ಅರ್ಧ ನಿಜವಿತ್ತು, ನಾನು ಮೋಸಹೋದದ್ದು ಆ ಅರ್ಧದಿಂದಲೇ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದವು, ಈಗ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದರು. ಅದು ಸರಿ. ಆದರೆ ಕೊಳ್ಳುವುದು ಬೇರೆ, ತುಂಡು ಮಾಡಿ ಹಂಚುವುದು ಬೇರೆ. ರಸ್ತೆ ಬಿಟ್ಟು ಬಡಾವಣೆಯಂತೆ ವಿಂಗಡಿಸಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಂತೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು, ಅದಕ್ಕೂ ಮೊದಲು ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವ ಭೂಪರಿವರ್ತನೆಯಾಗಿರಬೇಕು. ನಮ್ಮ ಜಮೀನಾದರೋ ಪ್ರಾಧಿಕಾರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲ್ಯಾನ್) ಕೃಷಿ ವಲಯದಲ್ಲಿದೆ. ಮಂಜೂರಾತಿಯೂ ಇರಲಿಲ್ಲ, ಪರಿವರ್ತನೆಯೂ ಇರಲಿಲ್ಲ. ನಮ್ಮ ಕೈಗೆ ಬಂದದ್ದು ಮಾವಿನ ಗಿಡಗಳನ್ನೂ ಮೂವತ್ತು ಅಡಿ ರಸ್ತೆಯನ್ನೂ ಬರೆದ, ಪ್ರತಿ ತುಂಡಿಗೂ ನಂಬರು ಕೊಟ್ಟ ಒಂದು ಬಣ್ಣದ ನಕ್ಷೆ ಮಾತ್ರ.

ನೋಂದಣಿಯ ದಿನವೇ ನನಗೆ ಅನುಮಾನ ಬರಬೇಕಿತ್ತು. ಹೋಗಿ ನೋಡಿದರೆ ನಾನು, ಭಾವಮೈದುನ ಅಲ್ಲದೆ ಗುರುತು ಪರಿಚಯವಿಲ್ಲದ ಇಪ್ಪತ್ತು ಜನ ಅದೇ ಕ್ರಯಪತ್ರಕ್ಕೆ ಹೆಬ್ಬೆರಳು ಒತ್ತಲು ಸಾಲಿನಲ್ಲಿ ನಿಂತಿದ್ದರು. ಕೇಳಿದ್ದಕ್ಕೆ, "ಖರ್ಚು ಉಳಿಯಲಿ ಅಂತ ಒಟ್ಟಿಗೇ ಮಾಡಿಸ್ತಿದೀವಿ ಸಾರ್, ಪೋಡಿ ಆಮೇಲೆ ನಾವೇ ಮಾಡಿಸಿಕೊಡ್ತೀವಿ" ಎಂದರು. ಪೋಡಿ ಎಂದರೆ ಪ್ರತಿಯೊಬ್ಬರ ಭಾಗವನ್ನೂ ಅಳೆದು ಬೇರೆ ಬೇರೆ ನಂಬರು ಮಾಡುವುದು. ನಾನು ನಂಬಿದೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಾದರೆ ಆ ಭಾಗವನ್ನು ಅಳೆದು ಸರ್ವೆ ಇಲಾಖೆ ಕೊಡುವ 11ಇ ನಕ್ಷೆ ಬೇಕಾಗುತ್ತದೆ. ಇಡೀ ನಂಬರನ್ನು ಎಲ್ಲರ ಹೆಸರಿಗೆ ಜಂಟಿಯಾಗಿ ಬರೆದುಕೊಟ್ಟರೆ ಅದರ ಗೋಜೇ ಇಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೂಲೆಯ ತುಂಡಿನವರು ನಮ್ಮ ಕಡೆಗೆ ಬೇಲಿ ಸರಿಸಿದಾಗ ನಾನು ಹದ್ದುಬಸ್ತು, ಅಂದರೆ ಗಡಿ ಅಳೆದು ಗುರುತು, ಮಾಡಿಸಲು ಹೋದೆ. ಅಲ್ಲಿದ್ದ ಭೂಮಾಪಕರು ಕ್ರಯಪತ್ರವನ್ನು ತಿರುವಿ, ನಾಲ್ಕು ದಿಕ್ಕಿನ ಗಡಿ ಬರೆದಿರುವ ಚೆಕ್ಕುಬಂದಿಯ ಮೇಲೆ ಬೆರಳಿಟ್ಟು, "ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಊರದಾರಿ ಅಂತಿದೆ. ಇದು ಇಡೀ ನಂಬರಿನ ಚೆಕ್ಕುಬಂದಿ. ನಿಮ್ಮದು ಎಲ್ಲಿದೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಬಣ್ಣದ ನಕ್ಷೆಯನ್ನು ಚೀಲದಿಂದ ಹೊರಗೆ ತೆಗೆಯಲೂ ನಾಚಿಕೆಯಾಯಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಸರ್ವೆ ನಂಬರಿನ ವಿಸ್ತೀರ್ಣ 2 ಎಕರೆ 30 ಗುಂಟೆ, ಅಂದರೆ 110 ಗುಂಟೆ. 22 ಜನಕ್ಕೆ ತಲಾ ಐದರಂತೆ 110 ಗುಂಟೆಯೂ ಮಾರಾಟವಾಗಿದೆ. ಹಾಗಾದರೆ ಆ ಮೂವತ್ತು ಅಡಿ ರಸ್ತೆ ಯಾರ ನೆಲದಲ್ಲಿದೆ? ಮೂರನೇ ತರಗತಿಯ ಮಗು ಹಾಕುವ ಲೆಕ್ಕವನ್ನು ಮೂವತ್ತು ವರ್ಷ ನೌಕರಿ ಮಾಡಿದ ನಾನು ಹಾಕಲಿಲ್ಲ.

ಮಾರಿದವರಿಗೆ ಫೋನು ಮಾಡಿದರೆ ಮೊದಲು, "ಜಂಟಿ ಪಹಣಿಯೂ ಪಹಣಿಯೇ ಅಲ್ವಾ ಸಾರ್?" ಎಂದರು. ಮತ್ತೆ ಕೇಳಿದಾಗ, "ನಾವು ಸೈಟ್ ಮಾರಿಲ್ಲ, ಜಮೀನು ಮಾರಿದ್ದೀವಿ. ಪತ್ರದಲ್ಲಿ ಸೈಟ್ ಅನ್ನೋ ಪದ ತೋರಿಸಿ ನೋಡೋಣ" ಎಂದರು. ಆ ಪದ ಪತ್ರದಲ್ಲಿ ನಿಜವಾಗಿಯೂ ಇಲ್ಲ. ಪೋಡಿಯ ಮಾತೆತ್ತಿದ ಮೇಲೆ ನನ್ನ ಕರೆಯನ್ನೇ ಸ್ವೀಕರಿಸುತ್ತಿಲ್ಲ.

ದಯವಿಟ್ಟು ನಕ್ಷೆಯ ಬಣ್ಣ ನೋಡಬೇಡಿ, ಚೆಕ್ಕುಬಂದಿ ಓದಿ. ನಿಮ್ಮ ತುಂಡಿನದೇ 11ಇ ನಕ್ಷೆ ಕೇಳಿ, ಭೂಬಳಕೆ ಯಾವ ವಲಯದ್ದೆಂದು ಪ್ರಾಧಿಕಾರದಿಂದಲೇ ಬರೆಸಿಕೊಳ್ಳಿ. "ಆಮೇಲೆ ಮಾಡಿಸಿಕೊಡ್ತೀವಿ" ಎಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈಗ ಉಳಿದಿರುವುದು ಎಲ್ಲರೂ ಒಪ್ಪಿ ವಿಭಾಗ ಮಾಡಿಕೊಳ್ಳುವುದು, ಇಲ್ಲವೇ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದು. 22 ಜನರಲ್ಲಿ 13 ಜನ ಸಹಿ ಹಾಕಿದ್ದಾರೆ. ಬೇಲಿ ಸರಿಸಿದವರು ಹಾಕುವುದಿಲ್ಲವೆಂದು ಹೇಳಿಕಳಿಸಿದ್ದಾರೆ.