ಕ್ವಾರ್ಟರ್ ಹಾರ್ಸ್ ಸಾಕುವವರಿಗೆ ಯುಸಿ ಡೇವಿಸ್ ಲ್ಯಾಬಿನ ಆರು ಕಾಯಿಲೆಗಳ ಪ್ಯಾನೆಲ್

ಕ್ವಾರ್ಟರ್ ಹಾರ್ಸ್ ಎಂಬ ಅಮೆರಿಕನ್ ಕುದುರೆ ತಳಿಯಲ್ಲಿ ಆರು ಆನುವಂಶಿಕ ಕಾಯಿಲೆಗಳನ್ನು ಒಟ್ಟಿಗೆ ಹುಡುಕುವ, ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ವೆಟರ್ನರಿ ಜೆನೆಟಿಕ್ಸ್ ಲ್ಯಾಬೊರೇಟರಿಯ ಈ ಡಿಎನ್‌ಎ ಪರೀಕ್ಷೆಗೆ ರಕ್ತ ಬೇಕಿಲ್ಲ. ಬೇರು ಸಮೇತ ಕಿತ್ತ 20–30 ಕೂದಲು ಸಾಕು. ಎಡವಟ್ಟಾಗುವುದೂ ಇಲ್ಲೇ. ಕತ್ತರಿಸಿದ ಕೂದಲು ಕಳಿಸಿದರೆ ಕೆಲಸಕ್ಕೆ ಬಾರದು. ಬೇಕಾದ ಡಿಎನ್‌ಎ ಇರುವುದು ಬುಡದ ಗಂಟಿನಲ್ಲಿ. ಜೂಲಿನ ಅಥವಾ ಬಾಲದ ಕೂದಲನ್ನು ಬುಡಕ್ಕೆ ಹತ್ತಿರ ಬೆರಳಿಗೆ ಸುತ್ತಿ, ಒಮ್ಮೆಲೇ ಜಗ್ಗಿ. ಬೆಳಕಿಗೆ ಹಿಡಿದಾಗ ತುದಿಯಲ್ಲಿ ಗುಂಡುಸೂಜಿಯ ತಲೆಗಿಂತ ಚಿಕ್ಕ ಗಂಟು ಕಾಣಬೇಕು. ಮರಿಯಾದರೆ ಬಾಲದ್ದೇ ವಾಸಿ, ಜೂಲು ತೀರಾ ನವಿರು. ಕೂದಲು ಒಣಗಿರಲಿ, ಒಂದು ಕುದುರೆಯದು ಇನ್ನೊಂದರದಕ್ಕೆ ಬೆರೆಯದಿರಲಿ.

ವರದಿ ಓದುವುದರಲ್ಲೇ ನಿಜವಾದ ಪ್ರಯೋಜನ. ಜಿಬಿಇಡಿ (ಮೈ ಸಕ್ಕರೆಯನ್ನು ಸರಿಯಾಗಿ ಕೂಡಿಡಲಾಗದ ಕಾಯಿಲೆ) ಮತ್ತು ಹರ್ಡಾ (ಚರ್ಮದ ಕಾಯಿಲೆ) ಅಪ್ರಬಲ ಕಾಯಿಲೆಗಳು, ಅಂದರೆ ತಂದೆ ತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದರೆ ಮಾತ್ರ ತಗಲುತ್ತವೆ. ದೋಷದ ಒಂದೇ ಪ್ರತಿ ಹೊತ್ತ ಕುದುರೆಗೆ, ಅಂದರೆ ವಾಹಕಕ್ಕೆ, ಆ ಕಾಯಿಲೆ ಬರುವುದಿಲ್ಲ. ಒಂದೇ ಕಾಯಿಲೆಯ ಅಂಥ ಎರಡನ್ನು ಕೂಡಿಸಿದರೆ ಪ್ರತಿ ಮರಿಗೂ 25% ಅಪಾಯ. ಜಿಬಿಇಡಿ ಮರಿ ಉಳಿಯುವುದಿಲ್ಲ. ಹರ್ಡಾ ಇದ್ದರೆ ಸವಾರಿಗೆ ತಡಿ ಹಾಕತೊಡಗಿದ ಮೇಲೆ ಬೆನ್ನಿನ ಚರ್ಮ ಹಾಳೆಯಂತೆ ಕಿತ್ತು ಬರುತ್ತದೆ, ಮದ್ದಿಲ್ಲ. ವಾಹಕ ಕುದುರೆಯನ್ನು ಬಿಟ್ಟುಬಿಡಬೇಕಿಲ್ಲ, ವರದಿಯಲ್ಲಿ ಎನ್/ಎನ್ (ಎರಡೂ ಪ್ರತಿ ದೋಷವಿಲ್ಲದ್ದು) ಎಂದಿರುವ ಜೋಡಿ ಹುಡುಕಿದರಾಯಿತು.

ಸ್ನಾಯುವಿನ ಕಾಯಿಲೆಯಾದ ಎಚ್‌ವೈಪಿಪಿ ಹಾಗಲ್ಲ, ಬರಲು ಒಂದೇ ಪ್ರತಿ ಸಾಕು. ಇಂಪ್ರೆಸಿವ್ ಎಂಬ ಗಂಡುಕುದುರೆಯ ವಂಶದಲ್ಲಿ ಹರಿದುಬಂದ ಈ ದೋಷದಿಂದ ಸ್ನಾಯುವಿನ ಸೋಡಿಯಂ ಚಾನೆಲ್ ಸರಿಯಾಗಿ ಮುಚ್ಚದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿದಾಗ ಮೈ ನಡುಗುತ್ತದೆ, ಕುದುರೆ ಕುಸಿಯುತ್ತದೆ. ಎರಡೂ ಪ್ರತಿ ಇರುವ ಮರಿಗಳನ್ನು ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ 2007ರಿಂದ ನೋಂದಾಯಿಸುತ್ತಿಲ್ಲ. ಎನ್/ಎಚ್ (ದೋಷದ ಒಂದು ಪ್ರತಿ) ಎಂದು ಬಂದರೆ ಮೊದಲು ಕುದುರೆಮೇವಿನಿಂದ ಆಲ್ಫಾಲ್ಫಾ ಮತ್ತು ಕಾಕಂಬಿ ತೆಗೆಯಿರಿ, ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಸ್ನಾಯುವಿನಲ್ಲಿ ಸಕ್ಕರೆ ಅತಿಯಾಗಿ ಕೂಡಿಕೊಳ್ಳುವ ಪಿಎಸ್‌ಎಸ್‌ಎಂ1 ಬಂದರೆ ಪಿಷ್ಟ, ಸಕ್ಕರೆ ಕಡಿಮೆ ಮಾಡಿ, ದಿನವೂ ನಡೆಸಬೇಕು. ಲಾಯದಲ್ಲೇ ಕಟ್ಟಿಹಾಕಿದರೆ ಸ್ನಾಯು ಸೆಟೆದುಕೊಳ್ಳುತ್ತದೆ. ಅರಿವಳಿಕೆ ಮದ್ದಿಗೆ ಮೈ ವಿಪರೀತ ಬಿಸಿಯೇರುವ ಎಂಎಚ್ ಇದ್ದರೆ ಅರಿವಳಿಕೆಗೆ ಮುಂಚೆಯೇ ವೈದ್ಯರಿಗೆ ಹೇಳಲೇಬೇಕು. ಆರನೆಯದಾದ ಎಂವೈಎಚ್‌ಎಂನಲ್ಲಿ ಸ್ನಾಯು ಸೊರಗುವುದು ಬಲುಬೇಗ.

ಕೊರತೆ ಎಂದರೆ, ಎನ್/ಎನ್ ವರದಿ ಈ ಆರು ದೋಷಗಳಿಗಷ್ಟೇ ಸೀಮಿತ. ಸ್ನಾಯುವಿನ ಇನ್ನೊಂದು ತೊಂದರೆಯಾದ ಪಿಎಸ್‌ಎಸ್‌ಎಂ2ಕ್ಕೆ ಇದರಲ್ಲಿ ಉತ್ತರವಿಲ್ಲ. ಅದಕ್ಕೆ ಸ್ನಾಯುವಿನ ಬಯಾಪ್ಸಿಯೇ (ತುಣುಕು ತೆಗೆದು ನೋಡುವ ಪರೀಕ್ಷೆ) ಆಗಬೇಕು. ಕುಣಿಗಲ್ ಸ್ಟಡ್ ಫಾರ್ಮಿನಂಥ ಕಡೆಯ ಥರೋಬ್ರೆಡ್ ತಳಿಯ ಪಂದ್ಯದ ಕುದುರೆಗಳಿಗೂ ಈ ಪ್ಯಾನೆಲ್ ಹೊಂದುವುದಿಲ್ಲ. ಕ್ವಾರ್ಟರ್ ಹಾರ್ಸ್ ಹೆಣ್ಣುಕುದುರೆ ಇರುವವರು ಮಾತ್ರ ಗಂಡುಕುದುರೆಯ ವರದಿ ಕೈಗೆ ಬರುವವರೆಗೆ ಸ್ಟಡ್ ಫೀ (ಕೂಡಿಸುವ ಶುಲ್ಕ) ಕಟ್ಟಬೇಡಿ.