12 ವೋಲ್ಟ್ ಬ್ಯಾಟರಿಗೆ ಇಎಸ್‌ಪಿ32 ಬೋರ್ಡನ್ನು ನೇರವಾಗಿ ಹಾಕಬೇಡಿ

ತೋಟದ ಪಂಪಿಗೋ, ತೊಟ್ಟಿಯ ನೀರು ನೋಡೋಕೋ ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್ ಹಾಕಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ನನ್ನ ಬೋರ್ಡೂ ಹೋಯಿತು, ಅದರ ಜೊತೆ ಸೆನ್ಸರೂ ಹೋಯಿತು.

ನಮ್ಮ ಅಡಿಕೆ ತೋಟ ಇರುವುದು ತೀರ್ಥಹಳ್ಳಿ ಹತ್ತಿರ. ಮಳೆಗಾಲದಲ್ಲಿ ಕರೆಂಟನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಹಾಗಾಗಿ ಸೋಲಾರ್ ಬ್ಯಾಟರಿಯಿಂದ ಓಡುವ ಬೋರ್ಡೇ ಬೇಕಿತ್ತು. ಮಾರಿದವರನ್ನು ಕೇಳಿಯೇ ತಗೊಂಡೆ. 'ಪವರ್ ಕೊಡುವ ವಿನ್ ಪಿನ್ನಿಗೆ 12 ವೋಲ್ಟ್ ಬ್ಯಾಟರಿ ನೇರ ಕೊಡಿ, ಏನೂ ಆಗಲ್ಲ' ಅಂದರು. ಮೋಡದ ದಿನಗಳಲ್ಲಿ ಹೇಗೋ ಓಡಿತು, ಆದರೆ ವೈಫೈ ಶುರುವಾದಾಗೆಲ್ಲ ರೀಸ್ಟಾರ್ಟ್. ಕಂಪ್ಯೂಟರ್ ಪರದೆಯಲ್ಲಿ ಬ್ರೌನ್‌ಔಟ್ ಅನ್ನೋ ಸಂದೇಶ, ಅಂದ್ರೆ ಚಿಪ್ಪಿಗೆ ವೋಲ್ಟೇಜ್ ಸಾಲಲಿಲ್ಲ ಅಂತ. ಆಮೇಲೆ ಒಳ್ಳೆ ಬಿಸಿಲು ಬಿದ್ದ ದಿನ ಬೋರ್ಡ್ ಪೂರ್ತಿ ಸತ್ತಿತು.

12 ವೋಲ್ಟ್ ಅಂತ ಕರೆದರೂ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ 14.4ರ ಹತ್ತಿರ ಹೋಗುತ್ತದೆ. ಅದನ್ನು ಮುಖ್ಯ ಚಿಪ್ಪಿಗೆ ಬೇಕಾದ 3.3 ವೋಲ್ಟಿಗೆ ಇಳಿಸಲು ಬೋರ್ಡಿನ ಮೇಲಿದ್ದದ್ದು ಎಎಂಎಸ್1117. ಅದು ಲೀನಿಯರ್ ರೆಗ್ಯುಲೇಟರ್, ಬೇಡದ ವೋಲ್ಟೇಜನ್ನೆಲ್ಲ ಶಾಖ ಮಾಡಿ ಬಿಡುತ್ತದೆ. ಲೆಕ್ಕ ಹಾಕಿ: 12ರಲ್ಲಿ 3.3 ಕಳೆದರೆ 8.7. ಬೋರ್ಡ್ 200 ಮಿಲಿಆಂಪ್ ಎಳೆದರೆ ಸುಮಾರು 1.7 ವ್ಯಾಟ್ ಶಾಖ. ಅದೇ 5 ವೋಲ್ಟ್ ಕೊಟ್ಟಿದ್ದರೆ 0.34 ವ್ಯಾಟ್. ಉಗುರಿನಷ್ಟು ಚಿಪ್ಪು 1.7 ವ್ಯಾಟ್ ತಡೆಯುತ್ತಾ? ಕಾದು ಕಾದು ಒಳಗೇ ಶಾರ್ಟ್ ಆಯಿತು, ಬ್ಯಾಟರಿ ವೋಲ್ಟೇಜ್ ನೇರ 3.3ರ ಲೈನಿಗೆ ನುಗ್ಗಿತು. ಇಎಸ್‌ಪಿ32 ತಡೆಯುವುದೇ 3.6 ವೋಲ್ಟ್.

ಇಷ್ಟಕ್ಕೇ ಮುಗಿಯಲಿಲ್ಲ. ಶಿವಮೊಗ್ಗದಲ್ಲಿ ರಿಪೇರಿಗೆ ಕೊಟ್ಟರೆ ಹೊಸ ರೆಗ್ಯುಲೇಟರ್ ಕೂರಿಸಿ ದುಡ್ಡು ತಗೊಂಡರು. ಮನೆಗೆ ತಂದು ಯುಎಸ್‌ಬಿ ಚುಚ್ಚಿದ ಕೂಡಲೇ ಅದೂ ಬೆರಳಿಡಲಾಗದಷ್ಟು ಕಾಯಿತು. ಯಾಕಂದ್ರೆ ಮುಖ್ಯ ಚಿಪ್ಪೇ ಶಾರ್ಟ್ ಆಗಿತ್ತು. ಹೊಸದು ಹಾಕುವ ಮೊದಲು ಒಂದು ಮಲ್ಟಿಮೀಟರ್ ಇಟ್ಟಿದ್ದರೆ ಇದು ಗೊತ್ತಾಗುತ್ತಿತ್ತು. ನೀವು ರಿಪೇರಿಗೆ ಕೊಟ್ಟರೆ ಇಷ್ಟು ಕೇಳಲೇಬೇಕು: ಹಳೆ ರೆಗ್ಯುಲೇಟರ್ ತೆಗೆದ ಮೇಲೆ, ಪವರ್ ಇಲ್ಲದಾಗ, 3.3ಕ್ಕೂ ಗ್ರೌಂಡಿಗೂ ನಡುವೆ ಎಷ್ಟು ಓಮ್ ಇದೆ? ಸೊನ್ನೆಯ ಹತ್ತಿರ ಇದ್ದರೆ ಆ ಬೋರ್ಡಿಗೆ ದುಡ್ಡು ಸುರಿಯಬೇಡಿ.

ಇನ್ನೊಂದು ವಿಷಯ. ರೀಸ್ಟಾರ್ಟ್ ಅಂದ್ರೆ ಯಾವಾಗಲೂ ನನ್ನ ಹಾಗೆ ಜಾಸ್ತಿ ವೋಲ್ಟೇಜಿಗೆ ರೆಗ್ಯುಲೇಟರ್ ಕಾದು 3.3 ಕುಸಿದದ್ದೇ ಅಂತಲ್ಲ, ಕೊಡುವ ವೋಲ್ಟೇಜ್ ಕಡಿಮೆ ಆದರೂ ಹೀಗೇ ಆಗುತ್ತದೆ. ಈ ರೆಗ್ಯುಲೇಟರಿಗೆ ಕೊಡುವ ವೋಲ್ಟೇಜ್ 3.3ಕ್ಕಿಂತ ಒಂದು ವೋಲ್ಟಿಗೂ ಜಾಸ್ತಿ ಮೇಲಿರಬೇಕು. ತೆಳು ಯುಎಸ್‌ಬಿ ವೈರಿನಲ್ಲಿ 5 ವೋಲ್ಟ್ ಸೋರಿ 4.3ಕ್ಕೆ ಇಳಿದರೆ ವೈಫೈ ಎಳೆತಕ್ಕೆ 3.3 ನಿಲ್ಲುವುದಿಲ್ಲ. ಆ ಕುಸಿತ ಕ್ಷಣಮಾತ್ರ, ಹಾಗಾಗಿ ಮೀಟರ್ ಸುಮ್ನೆ 3.3 ಅಂತಲೇ ತೋರಿಸುತ್ತದೆ. ಅದನ್ನು ನಂಬಿ ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ, ಮೊದಲು ವೈರ್ ಬದಲಿಸಿ ನೋಡಿ.

ರೆಗ್ಯುಲೇಟರಿನ ಅಗಲದ ಲೋಹದ ಭಾಗ ಗ್ರೌಂಡ್ ಅಲ್ಲ, ಔಟ್‌ಪುಟ್. ತಗಡಿನ ಡಬ್ಬಿಗೆ ತಾಗದ ಹಾಗೆ ಇಡಿ.

ಬ್ಯಾಟರಿಯಿಂದಲೇ ಓಡಿಸಬೇಕಾದರೆ ನಡುವೆ ಎಲ್‌ಎಂ2596 ತರಹದ ಬಕ್ ಕನ್ವರ್ಟರ್ (ಅಷ್ಟು ಶಾಖ ಮಾಡದೆ ವೋಲ್ಟೇಜ್ ಇಳಿಸುವ ಸಾಧನ) ಹಾಕಿ, 5 ವೋಲ್ಟ್ ಮಾಡಿ ಕೊಡಿ. ವೋಲ್ಟೇಜ್ ಹೊಂದಿಸುವ ಅದರ ಪುಟ್ಟ ತಿರುಪು ಅಂಗಡಿಯಿಂದ ಬರುವಾಗ ಎಷ್ಟಕ್ಕೆ ನಿಂತಿರುತ್ತೋ ಹೇಳಲಾಗದು. ಬೋರ್ಡ್ ಜೋಡಿಸುವ ಮೊದಲೇ ಮೀಟರ್ ಹಿಡಿದು 5ಕ್ಕೆ ತನ್ನಿ.